ಆನೆ ತಿವಿದ ತೋಳುಚೀಲ

ಇದನ್ನು ನೀವು ನಂಬುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಮೈಸೂರಿನ ಒಂದು ಆಸ್ಪತ್ರೆಯ ಬೀರುವಿನಲ್ಲಿ ಒಂದು ಫೈಲಿದೆ. ಅದರಲ್ಲಿ ‘ಉಪಕರಣ ಹಾಳಾಗಲು ಕಾರಣ’ ಎಂಬ ಜಾಗದಲ್ಲಿ ‘ಆನೆ ತಿವಿದದ್ದು’ ಎಂದು ಬರೆದಿದೆ. ಕೆಳಗೆ ಸಹಿ ನಮ್ಮಮ್ಮನದು. ಆನೆಯನ್ನು ಕರೆತಂದವಳು ನಾನು. ತಿವಿಸಿಕೊಂಡದ್ದು ಒಂದು ತೋಳುಚೀಲ. ದಿನಾ ಸಂಜೆ ಒಂದು ಗಂಟೆ ಆ ಚೀಲದೊಳಗೆ ಇರುತ್ತಿದ್ದ ಎಡಗೈ ನಮ್ಮ ಕೆಳಗಿನ ಮನೆಯವರದು. ನಾನು ಹೇಳಹೊರಟಿರುವುದು ಆ ಕೈಯ ಒಡತಿಯ ವಿಷಯ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಕುವೆಂಪುನಗರದ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲರಿಗೂ ಅವರು ಕಂಡಕ್ಟರಮ್ಮ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಆದರೆ ಆ ಸುದ್ದಿ ಅವರ ಕಾಲುಗಳಿಗೆ ಇನ್ನೂ ತಲುಪಿರಲಿಲ್ಲ. ಕಾಫಿ ಸೋಸುವಾಗಲೂ ಕಾಲು ಅಗಲಿಸಿ, ಮಂಡಿ ಒಂಚೂರು ಬಗ್ಗಿಸಿ, ಸೊಂಟವನ್ನು ಫ್ರಿಜ್ಜಿಗೆ ಆನಿಸಿ ನಿಲ್ಲುತ್ತಿದ್ದರು. ಹೊರಗೆ ಬೀದಿಯಲ್ಲಿ ಯಾವನಾದರೂ ಸ್ಕೂಟರಿಗೆ ಗಕ್ಕನೆ ಬ್ರೇಕ್ ಹಾಕಿದರೆ ಒಳಗೆ ಇವರು ಒಂದು ಹೆಜ್ಜೆ ಮುಂದಕ್ಕೆ ಬರುತ್ತಿದ್ದರು. ಕಾಫಿ ಮಾತ್ರ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ.

ಅವರ ಮನೆಗೆ ಯಾರಾದರೂ ಬಂದರೆ, ಬಂದವರು ಒಬ್ಬರೇ ಆಗಿದ್ದರೂ, ನಡುಮನೆ ಪೂರ್ತಿ ಖಾಲಿಯಿದ್ದರೂ, ಒಂದೇ ಕೂಗು.

“ಒಳಗ್ ನಡೀರಿ, ಒಳಗ್ ನಡೀರಿ! ಬಾಗ್ಲಲ್ಲಿ ನಿಂತ್ಕೋಬ್ಯಾಡಿ, ಮುಂದೆ ಜಾಗ ಐತೆ!”

ನಮ್ಮ ಬೀದಿಯ ಮದುವೆಗಳಲ್ಲಿ ಊಟದ ಮನೆಯ ಬಾಗಿಲಿಗೆ ಅವರನ್ನೇ ನಿಲ್ಲಿಸುತ್ತಿದ್ದರು. ಮೊದಲ ಪಂಕ್ತಿ ಏಳುವ ಮೊದಲೇ ಎರಡನೇ ಪಂಕ್ತಿ ನುಗ್ಗುವುದು ನಮ್ಮೂರಿನ ಸಂಪ್ರದಾಯ ತಾನೆ? ಕಂಡಕ್ಟರಮ್ಮ ಕೊರಳಲ್ಲಿದ್ದ ಸೀಟಿಯನ್ನು ಒಮ್ಮೆ ಊದಿ, “ಮೊದ್ಲು ಇಳಿಯೋರ್ಗೆ ದಾರಿ ಬುಡ್ರೀ! ಅವ್ರು ಇಳೀದೆ ನೀವ್ ಎಲ್ಲಿಗ್ರೀ ಅತ್ತೀರಿ?” ಎನ್ನುತ್ತಿದ್ದರು. ಒಮ್ಮೆ ಮದುವೆ ಹುಡುಗಿಯ ಸೋದರಮಾವನನ್ನೇ ತಡೆದು ನಿಲ್ಲಿಸಿದರು. ಆತ ಕೈಯಲ್ಲಿ ಪಾಯಸದ ಬಕೆಟ್ಟು ಹಿಡಿದು ಬಡಿಸಲು ಬಂದವನು. ಪಾಪ, ಇಳಿಯುವವರೆಲ್ಲ ಇಳಿಯುವತನಕ ಬಕೆಟ್ಟು ಹಿಡಿದೇ ನಿಂತಿದ್ದ. ಈ ಕೂಗನ್ನು ನೆನಪಿಟ್ಟುಕೊಳ್ಳಿ. ಇದನ್ನು ಇಪ್ಪತ್ತು ವರ್ಷ ಕೂಗಿದವರೇ ಇದನ್ನು ಮರೆತದ್ದರಿಂದ ಮುಂದಿನ ಅನಾಹುತವೆಲ್ಲ ಆಯಿತು.

ನನ್ನನ್ನು ಅವರು ಹೆಸರು ಹಿಡಿದು ಕರೆದವರೇ ಅಲ್ಲ. ಮೊದಲ ದಿನ ನನ್ನ ಬ್ಯಾಗಿನಿಂದ ನೇತಾಡುತ್ತಿದ್ದ ವಿದ್ಯಾರ್ಥಿ ಬಸ್ ಪಾಸ್ ನೋಡಿದವರು, ಅಂದಿನಿಂದ ನಾನು ‘ಪಾಸು’. “ಏಯ್ ಪಾಸು, ಮೇಲಿಂದ ಬಟ್ಟೆ ಬಿದ್ದೈತೆ, ತಗಂಡೋಗು.” ನನಗೆ ಇದರಲ್ಲಿ ಹೆಮ್ಮೆಯೇ ಇತ್ತು. ಗಣಿತದಲ್ಲಿ ನನ್ನನ್ನು ಹಾಗೆ ಕರೆದವರು ಇನ್ನೂ ಯಾರೂ ಇಲ್ಲ.

ಈಗ ಕೈಯ ವಿಷಯ. ಅವರಿಗೆ ಎದೆಯಲ್ಲಿ ಕ್ಯಾನ್ಸರ್ ಆಗಿತ್ತು. ನಿವೃತ್ತಿಯ ದಿನ, ಡಿಪೋದಲ್ಲಿ ಹಾರ ಹಾಕಿಸಿಕೊಂಡು ಭಾಷಣ ಕೇಳಬೇಕಾದ ಹೊತ್ತಿನಲ್ಲಿ, ಅವರು ಆಪರೇಷನ್ ಮುಗಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದರು. ಅವರ ಬಸ್ಸಿನ ಡ್ರೈವರಣ್ಣ ಹಾರವನ್ನು ಅಲ್ಲಿಗೇ ತಂದರಂತೆ. ನರ್ಸಮ್ಮ “ಹೂವು ಪೇಷೆಂಟಿಗೆ ಹಾಕಂಗಿಲ್ಲ” ಎಂದರಂತೆ. ಡ್ರೈವರಣ್ಣ ಮಾತು ಕಮ್ಮಿಯ ಮನುಷ್ಯ. ಆ ಕಡೆ ಈ ಕಡೆ ನೋಡಿ, ಹಾರವನ್ನು ಸಲೈನ್ ಬಾಟಲಿಯ ಸ್ಟ್ಯಾಂಡಿಗೆ ಹಾಕಿ, ಅದಕ್ಕೇ ಕೈ ಮುಗಿದು ಹೋದರಂತೆ.

“ನಂಗೆ ಬೀಳ್ಕೊಡುಗೆ ಆಗ್ಲೇ ಇಲ್ಲ ಕಣೇ ಪಾಸು. ಆ ಕಬ್ಬಿಣದ ಕಂಬ ರಿಟೈರಾಯ್ತು ಅಷ್ಟೆ,” ಎಂದು ಅವರು ಇದನ್ನು ನಗುತ್ತಾ ಹೇಳುತ್ತಿದ್ದರು. ನಗು ಮುಗಿದ ಮೇಲೆ ಕೊರಳ ಸೀಟಿಯನ್ನು ಸೆರಗಿನಿಂದ ಒರೆಸುತ್ತಿದ್ದರು.

ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಆರು ತಿಂಗಳಲ್ಲಿ ಎಡಗೈ ಊದತೊಡಗಿತು. ನಮ್ಮಮ್ಮ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. (ಅಪ್ಪನದು ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ, ಅವರು ಈ ಕಥೆಯೊಳಗೆ ಬರುವುದಿಲ್ಲ, ಮನೆಯೊಳಗೂ ಎಚ್ಚರವಾಗಿ ಬರುವುದು ಅಪರೂಪ.) ಅಮ್ಮ ಒಂದು ಚಿತ್ರ ಬರೆದು ಅವರಿಗೆ ವಿವರಿಸಿದಳು: ಕೈಯಲ್ಲಿ ರಕ್ತದ ಹಾಗೇ ಇನ್ನೊಂದು ದ್ರವವೂ ಓಡಾಡುತ್ತದೆ, ಅದು ಕಂಕುಳಿನ ಗಂಟುಗಳ ಮೂಲಕ ವಾಪಸ್ಸು ಹೋಗಬೇಕು, ಗಂಟುಗಳೇ ಇಲ್ಲದ್ದರಿಂದ ಕೈಯಲ್ಲೇ ನಿಂತುಬಿಡುತ್ತದೆ. ನನ್ನ ಪಠ್ಯಪುಸ್ತಕದಲ್ಲಿ ಅದರ ಹೆಸರು ದುಗ್ಧರಸ. ಅಮ್ಮನ ಬಾಯಲ್ಲಿ ಲಿಂಫ್. ಕಂಡಕ್ಟರಮ್ಮ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಮೂರನೇ ಹೆಸರಿಟ್ಟರು.

“ಅಂಗನ್ನಿ. ಡಾಕ್ಟ್ರು ಬಸ್ ಸ್ಟ್ಯಾಂಡನ್ನೇ ಕಿತ್ತಾಕವ್ರೆ. ಪ್ಯಾಸೆಂಜರ್ಗಳೆಲ್ಲ ಬಸ್ಸೊಳ್ಗೇ ಕುಂತವ್ರೆ, ಇಳಿಯೋಕೆ ಜಾಗ ಇಲ್ಲ.”

ಅಮ್ಮ ಹತ್ತು ವರ್ಷದಿಂದ ರೋಗಿಗಳಿಗೆ ಇದನ್ನೇ ಹೇಳುತ್ತಿದ್ದಳು. ಇಷ್ಟು ಚೆನ್ನಾಗಿ ಅವಳಿಗೂ ಅರ್ಥವಾಗಿರಲಿಲ್ಲವೇನೋ, ಬಾಯಿ ತೆರೆದುಕೊಂಡು ನೋಡಿದಳು.

ಅಂದಿನಿಂದ ಆ ಕೈ ಒಂದು ಬಸ್ಸು. ಅದರಲ್ಲಿ ಮೂರು ಸ್ಟೇಜು: ಮಣಿಕಟ್ಟು, ಮೊಣಕೈ, ತೋಳು. ದಿನಾ ಟೇಪಿನಲ್ಲಿ ಸುತ್ತಳತೆ ಅಳೆದು, ಟ್ರಿಪ್ಪಿನ ಲೆಕ್ಕ ಬರೆಯುವ ಹಳೆಯ ಹಾಳೆಗಳ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಆ ಕೈಗೆ ಸೂಜಿ ಚುಚ್ಚಬಾರದು, ಬಿ.ಪಿ. ಪಟ್ಟಿ ಕಟ್ಟಬಾರದು, ಗಾಯ ಆಗಬಾರದು ಎಂದು ಅಮ್ಮ ಹೇಳಿದ್ದಳು. ಒಮ್ಮೆ ಬಡಾವಣೆಯ ಪಾರ್ಕಿನಲ್ಲಿ ಉಚಿತ ತಪಾಸಣೆ ಶಿಬಿರ ನಡೆದಾಗ ಒಬ್ಬ ಹುಡುಗ ಡಾಕ್ಟರು ತಿಳಿಯದೆ ಎಡಗೈ ಹಿಡಿದರು. ಕಂಡಕ್ಟರಮ್ಮ ಊದಿದ ಸೀಟಿಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿದ್ದವರೆಲ್ಲ ನಿಂತರು.

“ಅದು ಲೇಡೀಸ್ ಸೀಟು! ಎದ್ದೇಳ್ರಿ!”

ಡಾಕ್ಟರು ನಿಜವಾಗಿಯೂ ಕುರ್ಚಿಯಿಂದ ಎದ್ದರು. ಗುಲಾಬಿ ಗಿಡದ ಮುಳ್ಳು ತಾಗಬಾರದೆಂದು ಕಂಡಕ್ಟರಮ್ಮ ಎದುರುಮನೆ ಹುಡುಗನ ಕ್ರಿಕೆಟ್ ಕೀಪರ್ ಗ್ಲೌಸ್ ಹಾಕಿಕೊಂಡು ಹೂವು ಕೀಳುತ್ತಿದ್ದರು. ಆ ಗ್ಲೌಸಿನಲ್ಲಿ ಹೂವು ಕಿತ್ತರೆ ಗಿಡವೂ ಜೊತೆಗೇ ಬರುತ್ತದೆ ಎಂಬುದು ಬೇರೆ ಮಾತು.

ಇಷ್ಟೆಲ್ಲ ತಮಾಷೆಯ ಮಧ್ಯೆ ಒಂದು ಸಂಗತಿ ನನಗೆ ಗೊತ್ತಿತ್ತು. ಅವರಿಗೆ ಯಾವ ಕಾಗದ ಕೊಟ್ಟರೂ, ಕರೆಂಟ್ ಬಿಲ್ಲಾಗಲಿ ಮದುವೆ ಪತ್ರಿಕೆಯಾಗಲಿ, ಉದ್ದಕ್ಕೆ ಮಡಚಿ ಎಡಗೈ ಬೆರಳುಗಳ ಸಂದಿಗೆ ಸಿಕ್ಕಿಸಿಕೊಳ್ಳಲು ಹೋಗುತ್ತಿದ್ದರು, ನೋಟು ಸಿಕ್ಕಿಸುತ್ತಿದ್ದ ಹಾಗೆ. ಊದಿದ ಬೆರಳುಗಳ ಮಧ್ಯೆ ಸಂದಿಯೇ ಇರಲಿಲ್ಲ. ಕಾಗದ ಕೆಳಗೆ ಬೀಳುತ್ತಿತ್ತು. ನಾನು ಎತ್ತಿಕೊಡುತ್ತಿದ್ದೆ. ಇಬ್ಬರೂ ಏನೂ ಆಗಲಿಲ್ಲವೆಂಬಂತೆ ಇರುತ್ತಿದ್ದೆವು.

ದಸರೆಗೆ ಒಂದು ತಿಂಗಳು ಮುಂಚೆ ಡ್ರೈವರಣ್ಣ ಬಂದು ಬಾಗಿಲಲ್ಲೇ ನಿಂತು (ಅವರೊಬ್ಬರನ್ನು ಮಾತ್ರ “ಒಳಗ್ ನಡೀರಿ” ಎನ್ನುತ್ತಿರಲಿಲ್ಲ, ಡ್ರೈವರಿಗೆ ಬೇರೆ ಬಾಗಿಲಿರುತ್ತದೆ) ಇಡೀ ವಾಕ್ಯವೊಂದನ್ನು ಹೇಳಿದರು. ಈ ಇಬ್ಬರೂ ಒಂದೇ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವರು. ಅಷ್ಟು ವರ್ಷದಲ್ಲಿ ಅವರ ನಡುವೆ ನಡೆದ ಮಾತು ಎರಡೇ: ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಹಾಗಾಗಿ ಇಡೀ ವಾಕ್ಯವೆಂದರೆ ಸಣ್ಣ ವಿಷಯವಲ್ಲ.

“ಬರೋ ತಿಂಗ್ಳ ಕೊನೆಗೆ ನಂದೂ ಸರ್ವೀಸ್ ಮುಗೀತು. ಕಡೇ ಟ್ರಿಪ್ಪಿಗೆ ನೀವೇ ರೈಟ್ ಕೊಡ್ಬೇಕು. ಡಿಪೋಲಿ ಒಪ್ಪವ್ರೆ.”

ಕಂಡಕ್ಟರಮ್ಮ ಆ ದಿನವೇ ಟ್ರಂಕಿನಿಂದ ಖಾಕಿ ಅಂಗಿ ತೆಗೆದರು. ಅರ್ಧ ತೋಳಿನದು. ಬಲಗೈ ಸಲೀಸಾಗಿ ಹೋಯಿತು. ಎಡಗೈ ಮೊಣಕೈ ದಾಟಲಿಲ್ಲ. ಟೇಪಿನಲ್ಲಿ ಅಳೆದರು: ಅಂಗಿಯ ತೋಳು ಮೂವತ್ತಮೂರು ಸೆಂಟಿಮೀಟರ್, ಅವರ ತೋಳು ಮೂವತ್ತೇಳು.

“ಸೀರೆ ಉಟ್ಕೊಂಡೇ ಹೋಗಿ ಆಂಟಿ,” ಎಂದೆ.

“ಸೀರೆ ಉಟ್ಕೊಂಡೋಳು ಸೀಟಿ ಊದಿದ್ರೆ ಬಸ್ ಹೊರಡಲ್ಲ ಕಣೇ. ನಾನು ಡೂಟಿ ಮುಗ್ಸಿದ್ದು ಆಸ್ಪತ್ರೆ ಗೌನಲ್ಲಿ. ಇದೊಂದ್ ಟ್ರಿಪ್ ಖಾಕೀಲಿ ಮುಗುಸ್ಬೇಕು.”

ಅಮ್ಮನಿಗೆ ಇದನ್ನು ನಾನೇ ಹೇಳಿದೆ. ಎರಡು ದಿನದಲ್ಲಿ ಅಮ್ಮ ಆಸ್ಪತ್ರೆಯಿಂದ ತನ್ನ ಸಹಿಯ ಮೇಲೆ ಆ ಯಂತ್ರ ತಂದಳು. ನೋಡಲು ಹಳೇ ರೇಡಿಯೋದಷ್ಟು ದಪ್ಪದ ಪೆಟ್ಟಿಗೆ; ಅದರಿಂದ ಎಂಟು ನಳಿಕೆಗಳು; ನಳಿಕೆಗಳ ತುದಿಗೆ ಹೆಗಲತನಕ ಬರುವ ನೀಲಿ ತೋಳುಚೀಲ. ಚೀಲದೊಳಗೆ ಎಂಟು ಗಾಳಿಕೋಣೆಗಳು. ಗುಂಡಿ ಒತ್ತಿದರೆ ಮೊದಲು ಬೆರಳ ಬಳಿಯ ಕೋಣೆ ಉಬ್ಬುತ್ತದೆ, ಆಮೇಲೆ ಮಣಿಕಟ್ಟಿನದು, ಹೀಗೆ ಒಂದೊಂದಾಗಿ ಹೆಗಲಿನವರೆಗೆ. ಕೊನೆಗೆ ಎಂಟೂ ಒಟ್ಟಿಗೆ ‘ಉಸ್ಸ್ಸ್’ ಎಂದು ನಿಟ್ಟುಸಿರು ಬಿಡುತ್ತವೆ. ಅಂದರೆ ಎಂಟು ಜನ ಕಂಡಕ್ಟರುಗಳು ಸಾಲಾಗಿ ನಿಂತು ಪ್ಯಾಸೆಂಜರುಗಳನ್ನು ಮುಂದಕ್ಕೆ ನೂಕುವುದು. ನಮ್ಮ ಕಂಡಕ್ಟರಮ್ಮ ಒಂಬತ್ತನೆಯವರು. ಪ್ರತಿ ಸುತ್ತಿಗೂ ಎರಡು ಸೀಟಿ, ನಂತರ “ನಡೀರಿ ಮುಂದಕ್ಕೆ! ಮಣಿಕಟ್ಟಲ್ಲಿ ಏನ್ರೀ ಕೆಲ್ಸ ನಿಮ್ಗೆ?”

ಅಮ್ಮ ಒಂದು ಮಾತು ಹೇಳಿದ್ದಳು. “ಮಿಷನ್ ಹಾಕೋಕ್ ಮುಂಚೆ ಕತ್ತಿನ ಹತ್ರ ಮೆಲ್ಲಗೆ ಸವರ್ಕೊಳ್ಳಿ, ಆಮೇಲೆ ಹೆಗಲು, ಆಮೇಲೆ ತೋಳು. ಮೇಲಿಂದ ಶುರು ಮಾಡ್ಬೇಕು.” ಅಮ್ಮ ಮೆಟ್ಟಿಲು ಹತ್ತಿದ ಕೂಡಲೇ ಕಂಡಕ್ಟರಮ್ಮ ನನಗೆ ಹೇಳಿದರು:

“ನಿಮ್ಮಮ್ಮ ಓದ್ದೋಳು, ಆದ್ರೆ ಬಸ್ಸಿನ್ ರೂಲ್ಸ್ ಗೊತ್ತಿಲ್ಲ. ಅತ್ತೋದು ಹಿಂದ್ಗಡೆ ಬಾಗ್ಲಲ್ಲಿ. ಮಿಷನ್ನೇ ಹಿಂದ್ಲಿಂದ ಶುರು ಮಾಡ್ತೈತೆ, ನೋಡು.”

“ಹೆಂಗಸ್ರು ಮುಂದೆ ತಾನೆ ಆಂಟಿ ಹತ್ತೋದು?”

“ಅದು ಬೇರೆ ಡಿಪೋ.”

ಕತ್ತು ಸವರುವುದು ಅಂದಿಗೇ ರದ್ದಾಯಿತು. ಹೀಗಿದ್ದೂ ಯಂತ್ರ ತನ್ನ ಕೆಲಸ ಮಾಡಿತು. ಮೂವತ್ತೇಳು ಮೂವತ್ತಾರಾಯಿತು, ಮೂವತ್ತೈದಾಯಿತು. ನವರಾತ್ರಿ ಬರುವ ಹೊತ್ತಿಗೆ ಮೂವತ್ತನಾಲ್ಕು ಮುಕ್ಕಾಲು. ಒಂದು ಸಂಜೆ ಹಾಲಿನ ಕೂಪನ್ನು ಅವರ ಬೆರಳ ಸಂದಿಯಲ್ಲಿ ಬೀಳದೆ ನಿಂತಿತು. ಅವರು ಕೂಪನ್ ಕೊಡದೆ ಸುಮಾರು ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಹಾಲಿನವನು ಬೈದು ಮುಂದಿನ ಮನೆಗೆ ಹೋದ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಬಸ್ಸಿಗೆ ಅಡ್ಡ ಬಂದವಳು ನಾನು.

ನಮ್ಮ ಬಡಾವಣೆಯಲ್ಲಿ ಪ್ರತಿ ವರ್ಷ ಗೊಂಬೆ ಕೂರಿಸುವ ಸ್ಪರ್ಧೆ. ಮೊದಲ ಬಹುಮಾನ ಕುಕ್ಕರ್. ಕಂಡಕ್ಟರಮ್ಮನ ಗೊಂಬೆಗಳು ಬೀದಿಗೇ ಪ್ರಸಿದ್ಧ. ರಾಜ ರಾಣಿಯರ ಪಟ್ಟದ ಗೊಂಬೆಗಳನ್ನು ಎಲ್ಲರೂ ಮೇಲಿನ ಮೆಟ್ಟಿಲಲ್ಲಿ ಕೂರಿಸಿದರೆ, ಇವರು ರಾಣಿಯನ್ನು ಕಿಟಕಿ ಪಕ್ಕಕ್ಕೂ ರಾಜನನ್ನು ನಿಂತ ಭಂಗಿಯಲ್ಲೂ ಇಡುತ್ತಿದ್ದರು. ಹೆಂಗಸರ ಸೀಟಿನಲ್ಲಿ ರಾಜ ಕೂರುವಂತಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಜಂಬೂ ಸವಾರಿ: ಕುದುರೆಗಳು, ಬ್ಯಾಂಡಿನವರು, ಮತ್ತು ಅವರ ತಾಯಿಯ ಕಾಲದ, ಎರಡು ಹಿತ್ತಾಳೆ ದಂತಗಳ, ಅಂಬಾರಿ ಹೊತ್ತ ಮರದ ಆನೆ.

ಆ ಆನೆಯನ್ನು ನೋಡುತ್ತಾ, ಪಕ್ಕದಲ್ಲಿ ಯಂತ್ರದ ಚೀಲ ಅಲೆಅಲೆಯಾಗಿ ಉಬ್ಬುವುದನ್ನೂ ನೋಡುತ್ತಾ, ನನ್ನ ತಲೆಯಲ್ಲಿ ಎಂಟೂ ಕೋಣೆಗಳು ಒಟ್ಟಿಗೆ ಉಬ್ಬಿದವು.

“ಆಂಟಿ, ಈ ಚೀಲಾನ ಬಟ್ಟೆ ಕೆಳಗೆ ಮಲಗಿಸಿ, ಮೇಲೆ ಜಂಬೂ ಸವಾರಿ ಇಟ್ರೆ? ಅಲೆ ಬಂದ ಹಾಗೆ ಆನೆ ಮುಂದಕ್ಕೆ ಹೋಗತ್ತೆ!”

“ತಲೆ ಕೆಟ್ಟೈತಾ? ಮಿಷನ್ ನಿಮ್ಮಮ್ಮನ ಸೈನಲ್ಲಿ ಬಂದೈತೆ.”

“ನಿಮ್ಮ ಒಂದು ಗಂಟೆ ಆದ್ಮೇಲೆ ಐದೇ ನಿಮಿಷ. ಪಾಪ, ಆ ಆನೆ ನಿಮ್ಮ ತಾಯಿ ಕಾಲದಿಂದ ಅಲ್ಲೇ ನಿಂತಿದೆ. ಒಂದು ಟ್ರಿಪ್ಪಾದ್ರೂ ಹೊಡೀಲಿ.”

ಈ ಮಾತು ತಾಗಿತು. ಇಪ್ಪತ್ತು ವರ್ಷ ಬಸ್ಸಿನಲ್ಲಿದ್ದವರಿಗೆ, ನಿಂತ ಗಾಡಿಯೊಂದನ್ನು ಹೊರಡಿಸುವುದೆಂದರೆ ಪುಣ್ಯದ ಕೆಲಸ. ನಾನು ಹಳೇ ಟೂತ್‌ಬ್ರಷ್ಷುಗಳ ತಲೆ ಕತ್ತರಿಸಿ, ಕೂದಲು ಹಿಂದಕ್ಕೆ ಬಾಗುವಂತೆ ಆನೆ ಕುದುರೆಗಳ ಪೀಠದಡಿ ಅಂಟಿಸಿದೆ. ಹೀಗಾದರೆ ಮುಂದೆ ಜಾರುತ್ತವೆ, ಹಿಂದೆ ಜಾರುವುದಿಲ್ಲ. ವಿಜ್ಞಾನ ಪ್ರದರ್ಶನದಲ್ಲಿ ಎರಡು ಸಲ ಸೋತ ಅನುಭವ ನನ್ನದು, ಸುಮ್ಮನೆ ಅಲ್ಲ.

ಅಷ್ಟಮಿಯ ಸಂಜೆ ಮಹಿಳಾ ಸಮಾಜದ ಇಬ್ಬರು ತೀರ್ಪುಗಾರ್ತಿಯರು ಬಂದರು. ಇಬ್ಬರ ಕೈಗೂ ಕಡಲೆಕಾಳು ಉಸ್ಲಿಯ ತಟ್ಟೆ. ನಾನು ಗುಂಡಿ ಒತ್ತಿದೆ. ಕಂಡಕ್ಟರಮ್ಮ ಎರಡು ಸೀಟಿ ಊದಿದರು. ಮತ್ತೆ ಹೇಳುತ್ತೇನೆ, ನೀವು ನಂಬುವುದಿಲ್ಲ: ಆನೆ ನಡೆಯಿತು! ಸೊಂಡಿಲು ತೂಗಿಸಿಕೊಂಡು, ಅಂಬಾರಿ ಅಲ್ಲಾಡಿಸಿಕೊಂಡು, ಥೇಟ್ ಅರಮನೆ ಮುಂದೆ ನಡೆದ ಹಾಗೆ. ಒಬ್ಬ ತೀರ್ಪುಗಾರ್ತಿ ಕೆನ್ನೆ ಕೆನ್ನೆ ಬಡಿದುಕೊಂಡು ಕೈ ಮುಗಿದರು. ಇನ್ನೊಬ್ಬರು “ಬ್ಯಾಟ್ರೀನಾ?” ಎಂದರು.

“ಗಾಳಿ,” ಎಂದೆ ಗತ್ತಿನಿಂದ.

ಗತ್ತು ಎಷ್ಟು ಹೊತ್ತು? ಚೀಲ ಉಸ್ಸೆಂದಿತು. ಆನೆ ಮೂತಿ ಕೆಳಗಾಗಿ ಮುಗ್ಗರಿಸಿತು. ಹಿಂದಿನಿಂದ ನಾಲ್ಕು ಕುದುರೆಗಳು ಬಂದು ಅದರ ಬೆನ್ನಿಗೆ ಗುದ್ದಿದವು. ಕಂಡಕ್ಟರಮ್ಮ “ನೂಕ್ಬ್ಯಾಡ್ರೀ! ನೂಕ್ಬ್ಯಾಡಿ!” ಎಂದು ಕೂಗುತ್ತಿರುವಾಗಲೇ ಐದನೇ ಕೋಣೆ ಮತ್ತೆ ಉಬ್ಬಿ ಮೇಲೆದ್ದಿತು, ಎರಡೂ ಹಿತ್ತಾಳೆ ದಂತಗಳು ಅದರೊಳಗೆ ಇಳಿದವು, ‘ಟಪ್’ ಎಂದಿತು. ಅಂಬಾರಿ ಹಾರಿ, ‘ಬ್ಯಾಟ್ರೀನಾ?’ ಎಂದು ಕೇಳಿದವರ ಉಸ್ಲಿ ತಟ್ಟೆಯಲ್ಲಿ, ನೆಟ್ಟಗೆ, ಕೂತಿತು.

ನಮಗೆ ಸಮಾಧಾನಕರ ಬಹುಮಾನ ಬಂತು. ಒಂದು ಸ್ಟೀಲಿನ ಸೌಟು.

ಎಲ್ಲರೂ ಹೋದ ಮೇಲೆ ನಾನು ಅತ್ತೆ. ಸುಳ್ಳಲ್ಲ, ನಿಜವಾಗಿಯೇ. ಕಡೇ ಟ್ರಿಪ್ಪಿಗೆ ಇನ್ನು ಆರೇ ದಿನ ಇತ್ತು. ತೋಳು ಇನ್ನೂ ಒಂದೂಮುಕ್ಕಾಲು ಇಳಿಯಬೇಕಿತ್ತು. ಕಂಡಕ್ಟರಮ್ಮ ಬೈಯುತ್ತಾರೆಂದು ಕಾದೆ. ಅವರು ಆನೆಯ ದಂತವನ್ನು ಚೀಲದಿಂದ ಮೆಲ್ಲಗೆ ಬಿಡಿಸಿ, ಒರೆಸಿ, ಮೆಟ್ಟಿಲ ಮೇಲಿಟ್ಟರು.

“ಗಾಡಿ ಬ್ರೇಕ್‌ಡೌನ್ ಆದ್ರೆ ಡ್ರೈವರ್ನ ಒಡೆಯಲ್ಲ ಕಣೇ. ಪ್ಯಾಸೆಂಜರ್ನ ಬೇರೆ ಬಸ್ಸಿಗೆ ಅತ್ತಿಸ್ಬೇಕು, ಅಷ್ಟೆ. ಕಣ್ಣೊರ್ಸ್ಕೋ. ನಿಮ್ಮಮ್ಮಂಗೆ ಈಗ್ಲೇ ಏಳ್ಬ್ಯಾಡ. ಕಡೇ ಟ್ರಿಪ್ ಮುಗೀಲಿ, ನಾನೇ ಏಳ್ತೀನಿ, ಆನೆ ನಂದು ಅಂತ.”

ಮಾರನೇ ದಿನ ಚೀಲವನ್ನು ಸೈಕಲ್ ಶಾಪಿಗೆ ಹೊತ್ತೆ. ಶಾಪಿನವನು ಎಂಟು ನಳಿಕೆಗಳನ್ನು ನೋಡಿ, “ಇದ್ಯಾವ ಸೈಕಲ್ ಕಣಮ್ಮ, ಎಷ್ಟ್ ಜನ ಕೂರ್ತೀರಿ?” ಎಂದ. ಅವನು ಹಾಕಿದ ಪಂಕ್ಚರ್ ಒಂದೇ ಸುತ್ತಿಗೆ ಕಿತ್ತುಬಂತು. ಇನ್ನು ಉಳಿದದ್ದು ನನ್ನ ಕೈ. ದಿನಾ ಸಂಜೆ ಒಂದು ಗಂಟೆ, ಕಂಡಕ್ಟರಮ್ಮನ ನಿರ್ದೇಶನದಲ್ಲಿ, ಬೆರಳಿನಿಂದ ಶುರುಮಾಡಿ ಮೇಲಕ್ಕೆ, ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ, ನಾನು ಆ ಕೈಯನ್ನು ತಿಕ್ಕಿದೆ.

ಆದರೆ ಆರು ಗಂಟೆಗೆ ಯಂತ್ರದ ಸದ್ದು ಮೇಲಿನ ಮನೆಗೆ ಕೇಳದಿದ್ದರೆ ಅಮ್ಮನಿಗೆ ಅನುಮಾನ ಬರುತ್ತದೆ. ಅದಕ್ಕೂ ನನ್ನಲ್ಲಿ ಉಪಾಯವಿತ್ತು. ನಮ್ಮ ಪುಣ್ಯಕ್ಕೆ ಯಂತ್ರ ಸರಿಯಿದ್ದಾಗಲೇ ಒಂದು ಸಂಜೆ ಗೊಂಬೆಗಳ ವಿಡಿಯೋ ಮಾಡಲು ಹೋಗಿ ಆಫ್ ಮಾಡಲು ಮರೆತು, ಇಡೀ ಗಂಟೆ ಅದರ ಸದ್ದು ನನ್ನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಫೋನನ್ನು ಸ್ಟೀಲಿನ ಕೊಳಗದೊಳಗೆ ಇಟ್ಟು ಹಾಕಿದರೆ ಬೀದಿಗೆಲ್ಲ ಕೇಳುವಷ್ಟು ಗುರ್ರ್, ಗುರ್ರ್, ಉಸ್ಸ್. ಅಮ್ಮ ಮೇಲಿನಿಂದ “ಹೇಗಿದೆ ಕಂಡಕ್ಟರಮ್ಮ?” ಎಂದರೆ ಇವರು “ಎಕ್ಸ್‌ಪ್ರೆಸ್ ಕಣಮ್ಮ, ನಾನ್‌ಸ್ಟಾಪು!” ಎನ್ನುತ್ತಿದ್ದರು.

ನಿಜವಾದ ಲೆಕ್ಕ ಹಾಳೆಯ ಹಿಂದೆ ಇತ್ತು. ಮೊದಲ ದಿನ ಮೂವತ್ತೈದು. ಮೂರನೇ ದಿನ ಮೂವತ್ತೈದೂವರೆ. ಐದನೇ ದಿನ ಮೂವತ್ತಾರು. ನಾನು ಎಷ್ಟು ತಿಕ್ಕಿದರೆ ಅಷ್ಟು ಏರುತ್ತಿತ್ತು. ಸಂಖ್ಯೆ ಬರೆಯುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಐದನೇ ದಿನ ಕೂಪನ್ನು ಮತ್ತೆ ಕೆಳಗೆ ಬಿತ್ತು. ಈ ಸಲ ನಾನು ಎತ್ತಿಕೊಡಲು ಹೋಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಕಡೇ ಟ್ರಿಪ್ಪಿನ ಸೋಮವಾರ ಬಂತು. ಬಸ್ಸು ನಮ್ಮ ಬೀದಿಯ ತುದಿಯ ಸ್ಟಾಪಿನಲ್ಲಿ ಹನ್ನೊಂದಕ್ಕೆ ಇವರನ್ನು ಹತ್ತಿಸಿಕೊಳ್ಳುವುದೆಂದು ಗೊತ್ತಾಗಿತ್ತು. ಒಂಬತ್ತಕ್ಕೇ ನಾನು ಕೆಳಗೆ ಹಾಜರು. ಅಮ್ಮನಿಗೆ ಆ ದಿನ ಮಧ್ಯಾಹ್ನದ ಡ್ಯೂಟಿ, ಮೇಲಿದ್ದಳು. ಕೊಳಗದೊಳಗೆ ಫೋನ್ ಇಟ್ಟು ಯಂತ್ರ ಶುರುಮಾಡಿದೆ. ಕಂಡಕ್ಟರಮ್ಮ ಸೀಟಿ ಬಾಯಲ್ಲಿ ಕಚ್ಚಿಕೊಂಡು, ಅಂಗಿ ಹಿಡಿದು, ಉಸಿರೆಳೆದು ಎಡಗೈ ತೂರಿಸಿದರು. ಮೊಣಕೈ ದಾಟಿತು! ನಾನು ಇನ್ನೊಂದು ಎಳೆತ ಎಳೆದೆ. ತೋಳಿನ ಅರ್ಧದಲ್ಲಿ ಅಂಗಿ ಕಚ್ಚಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಬೆರಳುಗಳು ಕೆಂಪಗಾಗತೊಡಗಿದವು. ಅವರು ಬಸ್ಸಿನ ಮೇಲಿನ ಸರಳು ಹಿಡಿದವರಂತೆ ಎಡಗೈ ಎತ್ತಿಕೊಂಡು ನಿಂತರು.

ನಾನು ಕತ್ತರಿ ತಂದೆ. ಅವರು ಸೀಟಿ ಕಚ್ಚಿಕೊಂಡೇ ತಲೆ ಅಲ್ಲಾಡಿಸಿದರು.

“ಉಹೂಂ. ಸರ್ಕಾರಿ ಬಟ್ಟೆ. ಕತ್ರುಸ್ಬಾರ್ದು.”

“ಆಂಟಿ, ಕೈ ನೋಡಿ!”

“ಕತ್ರುಸ್ಬಾರ್ದು ಅಂದ್ರೆ ಕತ್ರುಸ್ಬಾರ್ದು ಕಣೇ!”

ಆ ಗಳಿಗೆಯಲ್ಲಿ ಕೊಳಗದೊಳಗಿನ ಯಂತ್ರ ಸೀನಿತು.

ಹೌದು, ಸೀನಿತು. ರೆಕಾರ್ಡ್ ಮಾಡಿದ ಸಂಜೆ ನಾನು ಯಂತ್ರದ ಪಕ್ಕದಲ್ಲೇ ಕೂತು ಸೀನಿದ್ದೆ, ಕಂಡಕ್ಟರಮ್ಮ “ನೂರ್ ವರ್ಷ ಬಾಳು” ಅಂದಿದ್ದರು. ಐದು ಸಂಜೆ ಅದು ನಮ್ಮಿಬ್ಬರ ಕಿವಿಗೂ ಬಿದ್ದಿತ್ತು, ನಮಗೆ ಅಭ್ಯಾಸವಾಗಿತ್ತು. ಅಮ್ಮನ ಕಿವಿಗೂ ಬಿದ್ದಿತ್ತು. ಮೆಟ್ಟಿಲ ಮೇಲೆ ದಡದಡ ಸದ್ದು. ಅವಳು ಇಳಿಯುತ್ತಲೇ ಕೇಳುತ್ತಿದ್ದಳು.

“ಅದೇನೇ ಅದು, ದಿನಾ ಮಿಷನ್ ಹಾಕಿ ಹತ್ತು ನಿಮಿಷಕ್ಕೆ ಸರಿಯಾಗಿ ಸೀನ್ತೀಯಾ? ಇವತ್ತು ಬೆಳಗ್ಗೇನೂ…”

ಬಾಗಿಲು ತೆರೆಯಿತು. ಕಂಡಕ್ಟರಮ್ಮನ ಬಾಯಲ್ಲಿದ್ದ ಸೀಟಿ ತಾನಾಗೇ ಒಂದು ಸಲ ಕೂಗಿತು. ನಾವು ಮೂವರೂ ನಿಂತಲ್ಲೇ ನಿಂತೆವು.

ಅಮ್ಮ ಎಲ್ಲವನ್ನೂ ಸಾಲಾಗಿ ನೋಡಿದಳು: ಗುರ್ರೆನ್ನುವ ಕೊಳಗ, ಗೋಡೆಗೆ ಒರಗಿದ್ದ ಚೀಲ, ಅದರ ಮೇಲೆ ಜೋತುಬಿದ್ದಿದ್ದ ಸೈಕಲ್ ಪಂಕ್ಚರ್ ತೇಪೆ, ನನ್ನ ಕೈಯ ಕತ್ತರಿ, ಗಾಳಿಯಲ್ಲಿ ನಿಂತ ಎಡಗೈ. ಕೊನೆಗೆ ನೆಲದ ಮೇಲಿದ್ದ ಹಾಳೆ ಎತ್ತಿಕೊಂಡು ಲೆಕ್ಕ ಓದಿದಳು.

“ಏರಿದೆ. ಹೇಗ್ ತಿಕ್ಕಿದೆ?”

“ಬೆರಳಿಂದ… ಮೇಲಕ್ಕೆ…”

“ನಾನೇ ಏಳ್ಕೊಟ್ಟೆ ಕಣಮ್ಮ,” ಎಂದರು ಕಂಡಕ್ಟರಮ್ಮ. “ಅವ್ಳನ್ನ ಬಯ್ಬ್ಯಾಡ. ಹಿಂದ್ಲಿಂದ ಮುಂದಕ್ಕೆ, ರೂಲ್ಸ್ ಪ್ರಕಾರಾನೇ.”

“ಅಲ್ರೀ, ಮುಂದೆ ಇರೋರು ಇಳೀದೆ ಹಿಂದೆ ಇರೋರ್ನ ನೂಕಿದ್ರೆ ಎಲ್ಲಿಗ್ ಹೋಗ್ತಾರೆ? ಮದುವೆ ಮನೇಲೆಲ್ಲ ನೀವೇ ತಾನೆ ಕೂಗೋದು, ಮೊದ್ಲು ಇಳಿಯೋರಿಗೆ ದಾರಿ ಬಿಡಿ ಅಂತ?”

ಕಂಡಕ್ಟರಮ್ಮನ ಬಾಯಿಂದ ಸೀಟಿ ಜಾರಿ ಎದೆ ಮೇಲೆ ನೇತಾಡಿತು.  ಮೆಲ್ಲಗೆ, “ಅಯ್ಯೋ ಶಿವನೇ. ಹೌದಲ್ವಾ,” ಎಂದರು.

ಅಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿದಳು. ಕತ್ತಿನ ಬಳಿ, ಬೆಕ್ಕಿನ ಮರಿ ಸವರುವಷ್ಟು ಹಗುರವಾಗಿ ಬೆರಳಾಡಿಸಿದಳು. ಆಮೇಲೆ ಹೆಗಲು. ಆಮೇಲೆ ತೋಳಿನ ಮೇಲ್ಭಾಗ. ನಾನು ಐದು ದಿನ ಚಪಾತಿ ಹಿಟ್ಟಿನ ಹಾಗೆ ನಾದಿದ ಕೈ ಅದು. ಅರ್ಧ ಗಂಟೆಯಲ್ಲಿ ಅಂಗಿಯ ಅಂಚಿಗೂ ಚರ್ಮಕ್ಕೂ ಮಧ್ಯೆ ಒಂದು ಬೆರಳು ತೂರುವಷ್ಟು ಜಾಗವಾಯಿತು. ಅಮ್ಮ ನನ್ನ ಕಡೆ ನೋಡದೆಯೇ ಕೈ ಚಾಚಿದಳು. ಕತ್ತರಿ ಕೊಟ್ಟೆ.

“ಬ್ಯಾಡ ಕಣಮ್ಮ, ಸರ್ಕಾರದ್ದು…”

“ಕೈ ಯಾರ್ದು? ಸರ್ಕಾರದ್ದಾ?”

ಕಂಡಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಅಮ್ಮ ಬಟ್ಟೆ ಕತ್ತರಿಸಲಿಲ್ಲ. ತೋಳಿನ ಹೊಲಿಗೆಯನ್ನು ಮಾತ್ರ, ಒಂದೊಂದೇ ದಾರ, ಕಂಕುಳಿನವರೆಗೆ ಬಿಚ್ಚಿದಳು. ಹಗಲು ಹಾಕುವ ಬಿಗಿ ಕಾಲುಚೀಲದಂಥ ತೋಳುಪಟ್ಟಿಯನ್ನು ಕೈಗೆ ಏರಿಸಿ, ಮೇಲೆ ಖಾಕಿ ಇಳಿಬಿಟ್ಟು, ತನ್ನ ಬಳೆಯಲ್ಲಿ ಸದಾ ಇರುವ ಪಿನ್ನು ತೆಗೆದು ಸಡಿಲವಾಗಿ ಚುಚ್ಚಿದಳು. ಕಂಡಕ್ಟರಮ್ಮ ಕಣ್ಣು ತೆರೆದು ಕನ್ನಡಿ ನೋಡಿಕೊಂಡರು. ಎದೆಯ ಜೇಬು ನೇರ ಮಾಡಿಕೊಂಡರು. ಕಾಲು ಅಗಲಿಸಿ ನಿಂತರು.

ನಾನು ಚಪ್ಪಲಿ ಹಾಕಿಕೊಳ್ಳತೊಡಗಿದೆ, ಕಡೇ ಟ್ರಿಪ್ಪಿಗೆ ನನಗೂ ಸೀಟಿತ್ತಲ್ಲ. ಅಮ್ಮ ಕೊಳಗದಿಂದ ನನ್ನ ಫೋನ್ ತೆಗೆದು ಆಫ್ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

“ನೀನೆಲ್ಲಿಗೆ? ಮೇಲೆ ನಡಿ. ಪರೀಕ್ಷೆ ಮುಗಿಯೋವರ್ಗೂ ಈ ಹೊಸಲು ತುಳಿಯಂಗಿಲ್ಲ.”

“ಬುಡಮ್ಮ, ಪಾಸೈತೆ ಅವ್ಳತ್ರ…” ಎಂದರು ಕಂಡಕ್ಟರಮ್ಮ.

“ಪಾಸ್ ರದ್ದು,” ಎಂದಳು ಅಮ್ಮ.

ಪರೀಕ್ಷೆ ಮುಗಿಯುವ ಮೊದಲೇ ಕಂಡಕ್ಟರಮ್ಮ, ಮಾತು ಕೊಟ್ಟಂತೆ ಆನೆಯ ವಿಷಯ ತಾವೇ ಅಮ್ಮನಿಗೆ ಒಪ್ಪಿಸಿ, ನಂಜನಗೂಡಿನ ತಂಗಿಯ ಮನೆಗೆ ಹೊರಟುಹೋದರು. ಹಾಗಾಗಿ ಅವರನ್ನು ಎದುರಿಗೆ ನೋಡಿದ್ದು ಅದೇ ಕೊನೆ. ಆ ದಿನ ಹನ್ನೊಂದು ಗಂಟೆಗೆ ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದೆ. ಅಮ್ಮ ಬಹುಮಾನದ ಸೌಟಿನಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಬೀದಿಯ ತುದಿಯಲ್ಲಿ ಬಸ್ಸು ಬಂದ ಸದ್ದು, ಒಂದು ಸೀಟಿ. ಆಮೇಲೆ ಎಷ್ಟು ಹೊತ್ತಾದರೂ ಏನೂ ಇಲ್ಲ. ಸಾಸಿವೆ ಸೀಯತೊಡಗಿತು. ಅಮ್ಮ ಸೌಟು ಹಿಡಿದೇ ನನ್ನ ಪಕ್ಕಕ್ಕೆ ಬಂದಳು.

“ಇಷ್ಟೊತ್ತು ಯಾಕೆ ನಿಲ್ಸಿದಾರೆ?”

“ಮೊದ್ಲು ಇಳಿಯೋರು ಇಳೀಬೇಕಲ್ಲ,” ಎಂದೆ.

ಎರಡು ಸೀಟಿ ಕೇಳಿದವು, ಉದ್ದಕ್ಕೆ, ಮೈಸೂರಿಗೆಲ್ಲ ಕೇಳುವ ಹಾಗೆ. ಅಮ್ಮ ತಟ್ಟನೆ ಕಿಟಕಿಯ ಸರಳು ಹಿಡಿದುಕೊಂಡಳು. ಬಸ್ಸಿನ ಸದ್ದು ತಿರುವಿನಲ್ಲಿ ಕರಗುವವರೆಗೂ ಹಿಡಿದೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಇನ್ನೇನ್ ನೋಡ್ತಿದೀಯಾ, ಒಳಗ್ ನಡಿ,” ಎಂದು ಕಿಟಕಿ ಮುಚ್ಚಿದಳು.